ಮೇಸ್ತ್ರಿ ಮಟ್ಟ ಮಾಡಿದ ಪಿಜ್ಜಾ

ನನ್ನ ಅಣ್ಣನ ಕೈ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಭಾನುವಾರ ನಡೆದದ್ದಕ್ಕೆಲ್ಲ ಅವನ ಕೈಗಳೇ ಕಾರಣ. ಅವನು ಗಾರೆ ಮೇಸ್ತ್ರಿ. ಹತ್ತೊಂಬತ್ತನೇ ವಯಸ್ಸಿಗೆ ತಲೆ ಮೇಲೆ ಬಾಂಡಲಿ ಹೊತ್ತು ಶುರು ಮಾಡಿದವನು, ಈಗ ನಲವತ್ತೇಳು. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರುತ್ತಾನೆ. ಎಲ್ಲಾದರೂ ಉಬ್ಬು ಸಿಕ್ಕಿತೋ, ಅವತ್ತು ಅವನಿಗೆ ಬೇರೆ ಮಾತು ಕಿವಿಗೆ ಬೀಳುವುದಿಲ್ಲ. ಟೀ ಕೊಟ್ಟವರ ಮುಖ ನೋಡುವುದು ಬಿಟ್ಟು ಗೋಡೆಯ ಉಬ್ಬನ್ನೇ ನೋಡುತ್ತ ಕೂತಿರುತ್ತಾನೆ, ನಾನು ಮೊಣಕೈಯಿಂದ ತಿವಿಯಬೇಕು.

ಕೆಲಸದ ಜಾಗದಲ್ಲೂ ಇದೇ ಕಥೆ. ಜೊತೆಯವರು ಪ್ಲಾಸ್ಟರ್ ಮುಗಿಸಿ ಟೀಗೆ ಹೋದರೆ ಸಾಕು, ಇವನು ಹಿಂದಿನಿಂದ ಹೋಗಿ, ತುಟಿ ಪಿಟಕ್ಕೆನ್ನದೆ, ಕರಣೆ ಆಡಿಸಿ ಅವರ ಕೆಲಸವನ್ನು ನುಣ್ಣಗೆ ಮಾಡಿ ಬರುತ್ತಾನೆ. ಬೈಯುವುದಿಲ್ಲ, ಹೇಳುವುದೂ ಇಲ್ಲ. ಅವರೆಲ್ಲ ಇದಕ್ಕೆ ಒಗ್ಗಿಹೋಗಿದ್ದಾರೆ. ಈ ಕಸುಬಿನಲ್ಲಿ ಇವನನ್ನು ಮೀರಿಸುವವರಿಲ್ಲ ಎಂದು ಅವರೇ ಹೇಳುತ್ತಾರೆ. ನಾನು ದರ್ಜಿ, ಕೈಕೆಲಸ ಅಂದರೆ ಏನೆಂದು ನನಗೂ ಗೊತ್ತು. ನಾನು ಹೊಲಿದದ್ದನ್ನು ಯಾರಾದರೂ ಹೀಗೆ ಕದ್ದು ಬಿಚ್ಚಿ ಸರಿ ಮಾಡಿದರೆ ಅವರ ಕೈಗೆ ಸೂಜಿ ಚುಚ್ಚಿಬಿಡುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಅಣ್ಣ ಮದುವೆಯಾಗಿ ಏಳು ತಿಂಗಳಾಗಿತ್ತು. ಅಷ್ಟು ವರ್ಷ ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳದವನು ಒಂದು ಆಸ್ಪತ್ರೆಯ ಪಡಸಾಲೆಗೆ ಟೈಲ್ಸ್ ಹಾಕಲು ಹೋಗಿ, ಅಲ್ಲಿಯ ನರ್ಸ್ ಒಬ್ಬರ ಕೈಲಿ ಚೆನ್ನಾಗಿ ಬೈಸಿಕೊಂಡ. ಒಂದು ಸಾಲು ಕೂದಲೆಳೆಯಷ್ಟು ಸೊಟ್ಟ ಬಂತೆಂದು ಮುಗಿದ ಕೆಲಸವನ್ನು ಕಿತ್ತು ಮತ್ತೆ ಹಾಕುತ್ತಿದ್ದನಂತೆ. ರೋಗಿಗಳು ಓಡಾಡುವುದು ಹೇಗೆ ಎಂದು ಅವರು ಜಗಳಕ್ಕೇ ಬಂದರಂತೆ. ಎರಡು ದಿನ ಜಗಳ, ಮೂರನೇ ದಿನ ಟೀ. ಆಮೇಲೆ ಸರಳವಾಗಿ ರಿಜಿಸ್ಟರ್ ಮದುವೆ ಮಾಡಿಕೊಂಡರು. ಅವರೇ ನನ್ನ ಅತ್ತಿಗೆ.

ಅತ್ತಿಗೆಯ ಮೊದಲ ಗಂಡ ತೀರಿಕೊಂಡು ನಾಲ್ಕು ವರ್ಷ. ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಐದು, ಒಂದು ಕಡೆ ನಿಲ್ಲುವವಳಲ್ಲ, ಎಲ್ಲರೂ ಚೂಟಿ ಅನ್ನುತ್ತಾರೆ. ಅವಳಿಗೆ ಅಪ್ಪನ ನೆನಪೇ ಇಲ್ಲ. ಅಣ್ಣ ಮನೆಗೆ ಬಂದ ದಿನವೇ ಅವನ ಹೆಗಲೇರಿ ಕೂತಳು. ದೊಡ್ಡವಳಿಗೆ ಹನ್ನೊಂದು. ಯಾವ ಮಾತಿಗೂ ಎದುರುಮಾತು ಇಟ್ಟುಕೊಂಡೇ ಇರುತ್ತಾಳೆಂದು ನಾನೇ ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟೆ. ಮೊದಲ ವಾರ ಅವಳು ಅಣ್ಣನ ಜೊತೆ ಅಷ್ಟೋ ಇಷ್ಟೋ ಮಾತಾಡುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟಳು. ಯಾಕೆಂದು ಯಾರಿಗೂ ಗೊತ್ತಿಲ್ಲ. ‘ಅವರನ್ನ ಊಟಕ್ಕೆ ಕರಿ’ ಎಂದು ತಂಗಿಗೆ ಹೇಳುವಳೇ ಹೊರತು ತಾನು ಕರೆಯಳು. ಅಣ್ಣ ಅವಳ ಚಪ್ಪಲಿಗೆ ಹೊಲಿಗೆ ಹಾಕಿಸಿದ, ಓದುವ ಮೇಜಿನ ಅಲುಗಾಟ ಸರಿ ಮಾಡಿದ, ಏನೂ ನಡೆಯಲಿಲ್ಲ. ಬಂದ ಹೊಸತರಲ್ಲಿ ಆ ಮನೆಯ ಗೋಡೆಗಳನ್ನೆಲ್ಲ ಇವನೇ ಉಜ್ಜಿ, ತೇಪೆ ಹಾಕಿ, ಬಣ್ಣ ಹೊಡೆದಿದ್ದ. ನೋಡಿದವರೆಲ್ಲ ಹೊಗಳಿದರು, ಅವಳೊಬ್ಬಳನ್ನು ಬಿಟ್ಟು.

ಶನಿವಾರ ಸಂಜೆ ಅತ್ತಿಗೆ ನನಗೆ ಫೋನ್ ಮಾಡಿದರು. ದನಿ ಕುಗ್ಗಿಹೋಗಿತ್ತು.

‘ಅವಳು ಅಜ್ಜಿ ಮನೆಗೆ ಹೋಗ್ತೀನಿ ಅಂತ ಹಟ ಹಿಡಿದಿದಾಳೆ ಕಣೆ. ಅಲ್ಲೇ ಸ್ಕೂಲಿಗೆ ಸೇರ್ತಾಳಂತೆ. ಅಮ್ಮನೂ ಒಪ್ಪಿಬಿಟ್ಟಿದಾರೆ, ಸೋಮವಾರ ಬಂದು ಕರ್ಕೊಂಡು ಹೋಗ್ತಾರಂತೆ. ಬ್ಯಾಗ್ ಕೂಡ ತುಂಬಿಟ್ಟಿದಾಳೆ.’

‘ಅಣ್ಣ ಏನಂದ?’

‘ಏನಂತಾರೆ? ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಿದ್ರು. ನನ್ನಿಂದ ಮಗು ಮನೆ ಬಿಡೋ ಹಾಗಾಯ್ತು ಅಂತಾರೆ. ನಾಳೆ ನಂಗೆ ಬೆಳಿಗ್ಗೆಯಿಂದ ಡ್ಯೂಟಿ. ಒಂದು ದಿನ ಇವರ ಜೊತೆ ಇದ್ದು ನೋಡು, ಆಮೇಲೂ ಹೋಗ್ಬೇಕು ಅನ್ಸಿದ್ರೆ ಹೋಗು ಅಂತ ಅವಳಿಗೆ ಹೇಳಿದೀನಿ. ಪಿಜ್ಜಾ ಮಾಡ್ಕೊಳಿ ಅಂದೆ. ಕೈಗೆ ಕೆಲಸ ಇದ್ರೆ ಮಾತು ತಾನಾಗೇ ಬರುತ್ತೆ ಅಂತ. ನೀನು ಸುಮ್ನೆ ಹೋಗಿ ಕೂತಿರ್ತೀಯಾ?’

ನಾನು ಸುಮ್ಮನೆ ಕೂರುವವಳೇ ಅಲ್ಲ ಎಂದು ಅವರಿಗೂ ಗೊತ್ತು. ಆದರೂ ಕರೆದರಲ್ಲ ಎಂದು ಖುಷಿಯಾಯಿತು. ಅಂಚು ಮಡಚಬೇಕಿದ್ದ ನಾಲ್ಕು ಪ್ಯಾಂಟುಗಳನ್ನು ಚೀಲಕ್ಕೆ ತುರುಕಿಕೊಂಡು, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಲ್ಲಿ ಹಾಜರಾದೆ.

ಬಾಗಿಲ ಪಕ್ಕದ ಕುರ್ಚಿಯ ಮೇಲೆ ನೀಲಿ ಬ್ಯಾಗು ಕೂತಿತ್ತು, ಜಿಪ್ಪು ಎಳೆದು. ಅಡುಗೆಮನೆಯಲ್ಲಿ ಅಣ್ಣ ತಲೆಗೆ ಟವೆಲ್ ಸುತ್ತಿ, ಪ್ಯಾಂಟು ಮೊಣಕಾಲವರೆಗೆ ಮಡಚಿ, ತಾರಸಿ ಹಾಕಲು ಹೊರಟವನ ಥರ ನಿಂತಿದ್ದ. ಮೈದಾ, ಯೀಸ್ಟ್, ಚೀಸ್, ಟೊಮೆಟೊ, ಕ್ಯಾಪ್ಸಿಕಂ, ಈರುಳ್ಳಿ, ಬೇಯಿಸಿದ ಜೋಳ ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದ. ಸಾಲು ದಾರ ಹಿಡಿದು ಇಟ್ಟಷ್ಟು ನೇರವಾಗಿತ್ತು.

‘ಓವನ್ ಇಲ್ವಲ್ಲ ಅಣ್ಣ?’

‘ಹಿತ್ತಿಲಲ್ಲಿ ಇಟ್ಟಿಗೆ ಇತ್ತು, ಒಂದು ಗೂಡು ಕಟ್ಟೋಣ ಅಂತಿದ್ದೆ. ನಿಮ್ಮತ್ತಿಗೆ ಬೇಡ ಅಂದ್ಲು. ಕಾವಲಿ ಮೇಲೆ ಮುಚ್ಚಳ ಮುಚ್ಚಿದ್ರೆ ಆಗುತ್ತಂತೆ,’ ಎಂದ. ಗೂಡು ಕಟ್ಟಲಾಗದ ಬೇಸರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಲಾಯರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ನೋಟ್ ಪುಸ್ತಕ. ಗೆಳತಿಯಿಂದ ಪಿಜ್ಜಾ ಮಾಡುವ ಬಗೆಯನ್ನು ಬರೆದುಕೊಂಡು ಬಂದಿದ್ದಳು. ಕೋರ್ಟಿನಲ್ಲಿ ಓದುವವಳಂತೆ ಓದಿದಳು. ಎರಡು ಲೋಟ ಮೈದಾ, ಒಂದು ಚಮಚ ಯೀಸ್ಟ್, ಒಂದು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡು ಚಮಚ ಎಣ್ಣೆ, ಮುಕ್ಕಾಲು ಲೋಟ ಬೆಚ್ಚಗಿನ ನೀರು.

ಅಣ್ಣನ ಕಣ್ಣು ಹೊಳೆಯಿತು. ‘ಅಷ್ಟೇ ತಾನೆ? ಗಾರೆ ಮಾಲು ಕಲಸಿದಂಗೆ,’ ಎಂದ.

ಚೂಟಿ ಕಟ್ಟೆ ಹತ್ತಿ ಕೂತಳು. ಅಣ್ಣ ದೊಡ್ಡ ಪರಾತದಲ್ಲಿ ಮೈದಾ ಸುರಿದು, ಯೀಸ್ಟು, ಸಕ್ಕರೆ, ಉಪ್ಪು ಸೇರಿಸಿ, ಒಣಗಿರುವಾಗಲೇ ಎರಡು ಸಲ ಮಗುಚಿದ. ಆಮೇಲೆ ಗುಡ್ಡೆ ಮಾಡಿ, ನಡುವೆ ಬೆರಳಿನಿಂದ ಗುಳಿ ತೋಡಿ, ಚೂಟಿಯ ಕೈಲಿ ನೀರು ಹುಯ್ಯಿಸಿದ. ‘ದಡ ಒಡೀಬಾರ್ದು, ನಿಧಾನ, ನಿಧಾನ,’ ಎನ್ನುತ್ತ ಸುತ್ತಲಿನ ಹಿಟ್ಟನ್ನು ಒಳಗೆ ಎಳೆದುಕೊಂಡ. ಸಿಮೆಂಟು ಮರಳು ಕಲಸುವುದೂ ಹೀಗೆಯೇ ಎಂದು ಅವನು ಹೇಳಿದ್ದಕ್ಕೆ ಚೂಟಿ, ‘ಹಂಗಾದ್ರೆ ಪಿಜ್ಜಾದಲ್ಲಿ ಮನೆ ಕಟ್ಬೋದಾ?’ ಎಂದಳು. ಹತ್ತೇ ನಿಮಿಷದಲ್ಲಿ ಹಿಟ್ಟು ನುಣ್ಣಗೆ, ಕೈಗೆ ಅಂಟದಂತೆ ಉಂಡೆಯಾಯಿತು. ಚೂಟಿ ಗೆದ್ದವಳಂತೆ ಕುಣಿದಳು. ನಾನು ಸೂಜಿ ಬಿಟ್ಟು ಚಪ್ಪಾಳೆ ಹೊಡೆದೆ. ಲಾಯರಮ್ಮ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಿದ್ದಳು. ನನಗಂತೂ ಅರ್ಧ ಗೆದ್ದಷ್ಟು ಸಂತೋಷವಾಯಿತು.

‘ಈಗ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಬೇಕು,’ ಎಂದು ಓದಿದಳು ಲಾಯರಮ್ಮ.

‘ಒಂದು ಗಂಟೆನಾ?’ ಅಣ್ಣ ಗಾಬರಿಯಾದ. ‘ನೀರು ಬಿದ್ದ ಮಾಲನ್ನ ಒಂದು ಗಂಟೆ ಇಡೋದಾ? ಸೆಟ್ ಆಗಿಬಿಡುತ್ತಲ್ಲಮ್ಮ.’

‘ಇದು ಸಿಮೆಂಟಲ್ಲ.’ ಅವಳು ಹೇಳಿದ್ದು ತಂಗಿಗೆ. ‘ಬರೆದಿದೆ ನೋಡು ಅಂತ ಅವರಿಗೆ ಹೇಳು.’

ಇಪ್ಪತ್ತೆಂಟು ವರ್ಷದ ಅಭ್ಯಾಸ ನೋಟ್ ಪುಸ್ತಕದ ಮಾತು ಕೇಳುತ್ತದೆಯೇ? ಕಲಸಿದ್ದನ್ನು ಕೂಡಲೇ ಬಳಿಯಬೇಕು, ತಡವಾದರೆ ಬಿಸಾಡಬೇಕು, ಇದು ಅವನ ಮೈಯಲ್ಲೇ ಇಳಿದುಹೋದ ಪಾಠ. ಐದು ನಿಮಿಷ ಕಾದ. ಬಟ್ಟೆ ಎತ್ತಿ ಹಿಟ್ಟನ್ನು ಒತ್ತಿ ನೋಡಿದ. ಮತ್ತೆ ಎರಡು ನಿಮಿಷಕ್ಕೆ ಮತ್ತೆ ನೋಡಿದ. ಕೊನೆಗೆ ತಡೆಯಲಾರದೆ, ‘ಅರ್ಧ ಹಾಗೇ ಇರಲಿ, ಅರ್ಧ ಈಗ್ಲೇ ಮಾಡಿಬಿಡೋಣ, ಅಲ್ವೇನೆ ಚೂಟಿ?’ ಎಂದ. ಚೂಟಿಗೆ ಕಾಯುವುದು ಎಂದರೇನೆಂದೇ ಗೊತ್ತಿಲ್ಲ. ಇಬ್ಬರೂ ಒಂದಾದರು. ಉಳಿದರ್ಧವನ್ನು ಲಾಯರಮ್ಮ ಸಣ್ಣ ಪಾತ್ರೆಗೆ ಹಾಕಿ ಬಟ್ಟೆ ಮುಚ್ಚಿದಳು.

ಅಣ್ಣ ಲಟ್ಟಣಿಗೆಯನ್ನು ಮಟ್ಟಗೋಲಿನಂತೆ ಎರಡೂ ತುದಿ ಹಿಡಿದು ಎಳೆದ. ಕೂತು, ಕಣ್ಣು ಕಟ್ಟೆಯ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ನೋಡಿದ. ಮತ್ತೆ ಎಳೆದ. ಅಷ್ಟು ಸಮನಾದ, ಅಷ್ಟು ಗುಂಡಗಿನ ಪಿಜ್ಜಾವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಕಾವಲಿಯಲ್ಲಿ ಒಂದು ಮಗ್ಗುಲು ಬೇಯಿಸಿ, ಮಗುಚಿ, ಟೊಮೆಟೊ ಗೊಜ್ಜು ಬಳಿದು, ಚೀಸ್ ಉದುರಿಸಿ, ಮುಚ್ಚಳ ಮುಚ್ಚಿದರು. ಚೀಸ್ ಕರಗಿತು, ಘಮ ಬಂತು, ಎಲ್ಲ ಸರಿಯಾಗಿಯೇ ಇತ್ತು. ತಟ್ಟೆಗೆ ಹಾಕಿದಾಗ ಮಾತ್ರ ಟಣ್ ಎಂದು ಸದ್ದಾಯಿತು.

ಚೂಟಿ ಕಚ್ಚಿದಳು, ಹಲ್ಲು ಇಳಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಬಾಗಿಸಿದಳು, ಬಾಗಲಿಲ್ಲ. ಬಾಗಿಲು ತಟ್ಟುವಂತೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ‘ಯಾರಿದೀರಿ ಒಳಗೆ?’ ಎಂದು ಕೇಳಿದಳು. ನಾನು ನಕ್ಕು ನಕ್ಕು ಪ್ಯಾಂಟಿನ ಬದಲು ನನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡೆ. ಅಣ್ಣ ಅದನ್ನು ಬೆಳಕಿಗೆ ಹಿಡಿದು, ‘ಟೈಲ್ಸ್ ಆಗಿ ನೋಡಿದ್ರೆ ಒಳ್ಳೇ ಮಾಲೇ,’ ಎಂದು ಗಂಭೀರವಾಗಿ ಹೇಳಿದ. ಲಾಯರಮ್ಮ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. ಪುಸ್ತಕ ಅಲುಗುತ್ತಿತ್ತು. ಅವಳು ನಗುತ್ತಿದ್ದಳು, ನಾನು ಕಣ್ಣಾರೆ ನೋಡಿದೆ.

ಗಂಟೆ ತುಂಬಿದಾಗ ಲಾಯರಮ್ಮ ಬಟ್ಟೆ ತೆಗೆದಳು. ಉಳಿದರ್ಧ ಹಿಟ್ಟು ಉಬ್ಬಿ ಪಾತ್ರೆಯ ಕಂಠ ಮುಟ್ಟಿತ್ತು. ಚೂಟಿ ಬೆರಳು ಚುಚ್ಚಿದಳು, ಹಿಟ್ಟು ಬುಸ್ಸೆಂದು ಉಸಿರುಬಿಟ್ಟು ಕೆಳಗಿಳಿಯಿತು. ಅವಳ ಕಿರುಚಾಟಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಅಣ್ಣ ಬಾಯಿ ತೆರೆದು ನಿಂತಿದ್ದ. ‘ನೀರು ಬಿದ್ದ ಮೇಲೆ ಕುಗ್ಗೋದು ನೋಡಿದೀನಿ, ಬಿರಿಯೋದು ನೋಡಿದೀನಿ. ಹಿಂಗೆ ಬೆಳೆಯೋದು ನೋಡೇ ಇರ್ಲಿಲ್ಲ,’ ಎಂದ. ಲಾಯರಮ್ಮ ಹುಬ್ಬೇರಿಸಿದಳು, ನಾನು ಹೇಳಲಿಲ್ಲವೇ ಎನ್ನುವಂತೆ. ಆಮೇಲೆ ತೋಳು ಮಡಚಿ, ‘ಇದು ನಂದು. ನಾನೊಬ್ಳೇ ಮಾಡ್ತೀನಿ,’ ಎಂದಳು.

ಲಟ್ಟಣಿಗೆ ಮುಟ್ಟಲಿಲ್ಲ. ಬೆರಳಿನಿಂದ ಒತ್ತಿ ಒತ್ತಿ ಹರಡಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚು ಎತ್ತರ ತಗ್ಗು. ಅದನ್ನು ಹಾಗೇ ಕಾವಲಿಗೆ ಹಾಕಿ, ಮಗುಚಿ, ಇಳಿಸಿಕೊಂಡು, ಮೇಲೆ ಒಂದೊಂದೇ ಜೋಡಿಸತೊಡಗಿದಳು. ದಪ್ಪಗಿದ್ದ ಕಡೆ ಚೀಸ್ ಗುಡ್ಡೆ, ಅಲ್ಲಿ ಈರುಳ್ಳಿ ಇಲ್ಲ. ಅವರಮ್ಮನಿಗೆ ಈರುಳ್ಳಿ ಆಗುವುದಿಲ್ಲ. ತಂಗಿಯ ಕಡೆ ಬರೀ ಜೋಳ. ತನ್ನ ಕಡೆ ಕ್ಯಾಪ್ಸಿಕಂ. ಇನ್ನೊಂದು ಮೂಲೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿದಳು, ಅದು ಯಾರದೆಂದು ಹೇಳಲಿಲ್ಲ. ಅಣ್ಣ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನೋಡುತ್ತಿದ್ದ. ಆ ಉಬ್ಬು ತಗ್ಗು ಅವನ ಕಣ್ಣಿಗೆ ಬಿದ್ದಿತ್ತು ಎಂದು ನನಗೆ ಆಗಲೇ ಅರ್ಥವಾಗಬೇಕಿತ್ತು.

ಅಷ್ಟರಲ್ಲಿ ನಡುಮನೆಯಲ್ಲಿ ಫೋನ್ ರಿಂಗಾಯಿತು. ಅಜ್ಜಿಯ ಫೋನು. ಲಾಯರಮ್ಮ ಕೈ ಒರೆಸಿಕೊಂಡು ಓಡಿದಳು. ‘ಹೂಂ ಅಜ್ಜಿ, ನಾಳೆ ಹತ್ತು ಗಂಟೆ ಬಸ್ಸಾ? ನಂಗಿನ್ನೂ ಗೊತ್ತಿಲ್ಲ. ಸಾಯಂಕಾಲ ಹೇಳ್ತೀನಿ,’ ಎನ್ನುವುದು ಕೇಳಿಸಿತು. ಆ ‘ಇನ್ನೂ ಗೊತ್ತಿಲ್ಲ’ ಕೇಳಿ ನಾನು ಸೂಜಿ ಕೆಳಗಿಟ್ಟೆ. ನಾನು ಬಾಗಿಲ ಕಡೆ ತಿರುಗಿ ಕಿವಿಗೊಟ್ಟು ಕೂತೆ. ಅಲ್ಲೇ ನಾನು ಎಡವಿದ್ದು. ಬೆನ್ನ ಹಿಂದೆ ಅಣ್ಣ ಏನು ಮಾಡುತ್ತಿದ್ದಾನೆಂದು ನೋಡಲಿಲ್ಲ.

ತಿರುಗಿದಾಗ ಎಲ್ಲ ಮುಗಿದಿತ್ತು. ಚಮಚದ ಹಿಂಬದಿಯಿಂದ ಅವನು ಚೀಸ್ ಗುಡ್ಡೆಯನ್ನು ಇಡೀ ಪಿಜ್ಜಾದ ಮೇಲೆ ಸಮನಾಗಿ ಹರಡಿದ್ದ. ಈರುಳ್ಳಿ, ಜೋಳ, ಕ್ಯಾಪ್ಸಿಕಂ ಎಲ್ಲ ಒಂದಕ್ಕೊಂದು ಬೆರೆತು ಅಚ್ಚುಕಟ್ಟಾಗಿ ಕೂತಿದ್ದವು. ಅಂಚನ್ನು ಚಾಕುವಿನಿಂದ ಗುಂಡಗೆ ಕತ್ತರಿಸಿದ್ದ. ಚೂಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

‘ಅಣ್ಣ, ನಿನ್ನ ತಲೆ ಕೆಟ್ಟಿದೆಯಾ?’ ಎಂದೆ.

ಅವನು ಕೈಯಲ್ಲಿದ್ದ ಚಮಚ ನೋಡಿಕೊಂಡ. ಆಗಷ್ಟೇ ಎಚ್ಚರವಾದವನಂತೆ ಕಕ್ಕಾಬಿಕ್ಕಿಯಾದ. ‘ನಾನು ಒಂದು ಕಡೆ ಚೂರು ಮಟ್ಟ ಮಾಡೋಣ ಅಂತ,’ ಎಂದು ತೊದಲುವಷ್ಟರಲ್ಲಿ ಲಾಯರಮ್ಮ ಬಂದು ನಿಂತಳು.

ಅವಳು ಅಳಲಿಲ್ಲ. ಪಿಜ್ಜಾ ನೋಡಿದಳು, ಅಣ್ಣನನ್ನು ನೋಡಿದಳು. ಆರೂವರೆ ತಿಂಗಳಲ್ಲಿ ಮೊದಲ ಸಲ ಅವನೊಂದಿಗೇ ನೇರವಾಗಿ ಮಾತಾಡಿದಳು.

‘ಗೋಡೆನೂ ಹೀಗೇ ಮಾಡಿದ್ರಿ ನೀವು.’

‘ಯಾವ ಗೋಡೆ ಮಗಾ?’

‘ನನ್ನ ರೂಮಿಂದು. ಕಿಟಕಿ ಪಕ್ಕ ದಪ್ಪಗೆ ಉಬ್ಬಿತ್ತಲ್ಲ, ಅದು. ಅದು ನಮ್ಮಪ್ಪ ಹಾಕಿದ್ದು. ಗಡಿಯಾರಕ್ಕೆ ಮೊಳೆ ಹೊಡೆಯಕ್ಕೆ ಹೋಗಿ ಗೋಡೆ ಉದುರಿತ್ತು, ಅವರೇ ಸಿಮೆಂಟ್ ಕಲಸಿ ಹಾಕಿದ್ರು. ಅವರ ಬೆರಳು ಮೂಡಿತ್ತು ಅದರ ಮೇಲೆ. ನಾನು ದಿನಾ ಮಲಗುವಾಗ ಅದರ ಮೇಲೆ ಕೈ ಇಟ್ಕೊತಿದ್ದೆ. ಸ್ಕೂಲಿಂದ ಬಂದು ನೋಡ್ತೀನಿ, ನೀವು ನುಣ್ಣಗೆ ಮಾಡಿಬಿಟ್ಟಿದೀರಿ. ಯಾರನ್ನೂ ಕೇಳಲಿಲ್ಲ.’

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಗುವಾಗ ಕುರ್ಚಿಯ ಮೇಲಿದ್ದ ನೀಲಿ ಬ್ಯಾಗನ್ನೂ ಎತ್ತಿಕೊಂಡು ಹೋದಳು.

ಅಣ್ಣ ನೆಲದ ಮೇಲೆ ಕುಸಿದು ಕೂತ. ನನಗೆ ಅವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಒಂದು ಲೋಟ ನೀರು ಕೊಟ್ಟೆ. ಅವನು ಕುಡಿಯಲಿಲ್ಲ. ಬಹಳ ಹೊತ್ತು ಅಂಗೈ ನೋಡಿಕೊಂಡು ಕೂತಿದ್ದು, ಎದ್ದು, ಅವಳ ಬಾಗಿಲ ಹೊರಗೆ ಹೋಗಿ ಕೂತ.

‘ಅದನ್ನ ವಾಪಸ್ ತರೋದು ನನ್ನ ಕೈಲಾಗಲ್ಲ ಮಗಾ,’ ಎಂದ ಬಾಗಿಲಿಗೆ. ‘ಏನೇನೋ ಹೇಳಿ ನಿನ್ನ ಸಮಾಧಾನ ಮಾಡಲ್ಲ. ತಪ್ಪು ಮಾಡಿದೀನಿ. ಗೊತ್ತಿರ್ಲಿಲ್ಲ ಅನ್ನೋದೂ ತಪ್ಪೇ, ಕೇಳಬೇಕಿತ್ತು.’

ಬಾಗಿಲ ಅಂಚಿನ ಮೇಲೆ ಬೆರಳಾಡಿಸಿ, ಕೈ ಹಿಂದಕ್ಕೆಳೆದುಕೊಂಡ.

‘ಒಂದು ಕೇಳ್ಲಾ? ಅದು ಬರೀ ಸಿಮೆಂಟಾ? ಮರಳು ಹಾಕಿರಲಿಲ್ಲ ಅನ್ಸುತ್ತೆ.’

ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ನಾನು ಹಣೆ ಚಚ್ಚಿಕೊಂಡೆ. ಆದರೆ ಒಳಗಿನಿಂದ ಉತ್ತರ ಬಂತು.

‘ಬರೀ ಸಿಮೆಂಟು. ಚಮಚದಲ್ಲಿ ಕಲಸಿದ್ರು. ಟೀ ಲೋಟದಲ್ಲಿ.’

‘ಟೀ ಲೋಟದಲ್ಲಾ?’ ಅಣ್ಣ ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದ. ‘ಮರಳಿಲ್ದೆ, ಕರಣೆ ಇಲ್ದೆ, ಟೀ ಲೋಟದಲ್ಲಿ ಕಲಸಿ ಬೆರಳಲ್ಲಿ ಮೆತ್ತಿದ್ದಾ? ಅದು ಎರಡೇ ದಿನಕ್ಕೆ ಬಿರಿದು ಬೀಳ್ಬೇಕಿತ್ತು. ಬಿದ್ದಿರ್ಲಿಲ್ಲ. ಒಂದು ಕೂದಲೆಳೆ ಬಿರುಕೂ ಇರ್ಲಿಲ್ಲ. ಮಿಕ್ಕ ಉಬ್ಬನ್ನೆಲ್ಲ ನಾನು ಎರಡೆರಡೇ ನಿಮಿಷದಲ್ಲಿ ತೆಗೆದೆ. ಅದೊಂದು ಕಡೆ ನನಗೆ ಅರ್ಧ ಗಂಟೆ ಹಿಡೀತು. ಉಳಿ ಹಿಡಿದು ಹೊಡೆದರೂ ಬಿಡ್ತಿರ್ಲಿಲ್ಲ. ಯಾವನಪ್ಪ ಇದನ್ನ ಹಾಕಿದವನು, ಗಟ್ಟಿ ಕೈಯವನು ಅಂದ್ಕೊಂಡಿದ್ದೆ ಅವತ್ತು. ಆಣೆಗೂ ನಿಜ.’

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು. ಅವಳ ಕಣ್ಣು ಕೆಂಪಾಗಿತ್ತು.

‘ಬಿರುಕೇ ಬಿಟ್ಟಿರ್ಲಿಲ್ವಾ?’

‘ಇಲ್ಲ.’

‘ಅಪ್ಪ ಅದನ್ನ ಹಾಕಿ, ನಮಗೆ ಯಾವ ಮೇಸ್ತ್ರಿ ಬೇಕೇ ಅಂದಿದ್ರು,’ ಎಂದಳು.

‘ಸರಿಯಾಗೇ ಹೇಳಿದಾರೆ,’ ಎಂದ ಅಣ್ಣ. ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು. ಇಷ್ಟು ಹೊತ್ತು ತಡೆದಿದ್ದದ್ದೆಲ್ಲ ಒಮ್ಮೆಲೇ ಹೊರಬಂತು, ಬಿಕ್ಕಿ ಬಿಕ್ಕಿ ಅತ್ತಳು. ಅಣ್ಣ ಮುಟ್ಟಲು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಎದುರಿಗೆ ಸುಮ್ಮನೆ ಕೂತಿದ್ದ. ಅವನ ಕೈಗಳು ತೊಡೆಯ ಮೇಲೆ ಅಲ್ಲಾಡದೆ ಇದ್ದವು. ನಾನು ಹುಟ್ಟಿದಾಗಿನಿಂದ ಅವನನ್ನು ಹಾಗೆ ನೋಡಿದ್ದು ಅದೇ ಮೊದಲು.

ಮುಖ ತೊಳೆದು ಬಂದವಳು ಮತ್ತೆ ಲಾಯರಮ್ಮನಾಗಿದ್ದಳು. ಷರತ್ತು ಹಾಕಿದಳು. ಮಧ್ಯಾಹ್ನದ ಊಟ ಆದ ಮೇಲೆ ಹಿಟ್ಟು ಮತ್ತೆ ಕಲಸಬೇಕು. ಈ ಸಲ ಮೇಸ್ತ್ರಿ ತಾನು. ಅವರು ಕೈಯಾಳು. ಹೇಳಿದ್ದನ್ನು ಕೊಡಬೇಕು, ಕೇಳದೆ ಯಾವುದನ್ನೂ ಮುಟ್ಟಬಾರದು. ಒಂದು ಗಂಟೆ ಅಂದರೆ ಒಂದು ಗಂಟೆ.

‘ಆಯ್ತು ಮೇಸ್ತ್ರಿ,’ ಎಂದ ಅಣ್ಣ.

ಆಮೇಲೆ ಆ ಅಡುಗೆಮನೆಯ ಸಡಗರವನ್ನು ಏನೆಂದು ಹೇಳಲಿ. ‘ಮೈದಾ’ ಅಂದರೆ ಮೈದಾ, ‘ನೀರು’ ಅಂದರೆ ನೀರು, ಅಣ್ಣನ ಕಾಲಿಗೆ ಚಕ್ರ ಕಟ್ಟಿದಂತಿತ್ತು. ಗುಡ್ಡೆ ಮಾಡಿ ಗುಳಿ ತೋಡುವುದನ್ನು ಮಾತ್ರ ಲಾಯರಮ್ಮ ಅವನಿಂದಲೇ ಕಲಿತಳು, ದಡ ಒಡೆದು ನೀರು ಅವಳ ಫ್ರಾಕಿಗೆ ಹರಿದಾಗ ತಾನೇ ಜೋರಾಗಿ ನಕ್ಕಳು. ಹಿಟ್ಟು ಕಲಸಿ ಬಟ್ಟೆ ಮುಚ್ಚಿ ಗಡಿಯಾರ ನೋಡಿದಳು. ಆ ಒಂದು ಗಂಟೆ ಅಣ್ಣ ಪಟ್ಟ ಪಾಡು ನನಗೆ ಗೊತ್ತು. ಪಾತ್ರೆಯ ಹತ್ತಿರ ಸುಳಿದರೆ, ‘ಏಯ್ ಕೈಯಾಳು,’ ಎಂದು ಚೂಟಿ ಗದರುತ್ತಿದ್ದಳು. ಕೊನೆಗೆ ಅವನು ಕೈ ಮೇಲೆ ಕೂತ. ನಿಜವಾಗಿ, ಎರಡೂ ಅಂಗೈಯನ್ನು ಕುಂಡಿಯ ಕೆಳಗೆ ಇಟ್ಟುಕೊಂಡು ಕೂತ. ಹುಡುಗಿಯರಿಬ್ಬರೂ ನಕ್ಕು ನಕ್ಕು ನೆಲಕ್ಕುರುಳಿದರು.

ಹಿಟ್ಟು ಉಬ್ಬಿತು. ನಾಲ್ಕು ಭಾಗ ಮಾಡಿದಳು. ಅಣ್ಣನಿಗೊಂದು ಭಾಗ ಕೊಟ್ಟು, ‘ಇದನ್ನ ಸೊಟ್ಟಗೆ ಮಾಡಿ,’ ಎಂದಳು. ಅವನಿಗೆ ಸೊಟ್ಟಗೆ ಮಾಡಲು ಬರಲೇ ಇಲ್ಲ. ಎಷ್ಟು ಒತ್ತಿದರೂ ಗುಂಡಗೆ ಬರುತ್ತಿತ್ತು, ಸಮವಾಗಿ ಬರುತ್ತಿತ್ತು. ಬೆವರು ಒರೆಸಿಕೊಂಡ. ಲಾಯರಮ್ಮ ಅವನ ತೋರುಬೆರಳು ಹಿಡಿದು ಹಿಟ್ಟಿಗೆ ಒತ್ತಿಸಿದಳು, ‘ಇಲ್ಲಿ. ಜೋರಾಗಿ. ಈಗ ಬಿಡಿ, ಸರಿ ಮಾಡಬೇಡಿ. ಹಾಗೇ ಬಿಡಿ ಅಂದೆ.’ ಹಿಟ್ಟಿನಲ್ಲಿ ಅವನ ಬೆರಳಿನ ಗುಳಿ ಹಾಗೇ ಉಳಿಯಿತು. ಅವನು ಅದನ್ನೇ ನೋಡುತ್ತಿದ್ದ, ಮುಟ್ಟಲಿಲ್ಲ. ಅವಳೂ ಒಂದು ಕ್ಷಣ ನೋಡಿದಳು. ಆಮೇಲೆ ‘ಮುಂದೆ ನಡೀರಿ, ಕಾವಲಿ ಕಾಯ್ತಿದೆ,’ ಎಂದು ಗದರಿದಳು.

ಒಂದಾದ ಮೇಲೊಂದು ಪಿಜ್ಜಾ ಇಳಿಯಿತು. ಕಾವಲಿಯ ಗಾಜಿನ ಮುಚ್ಚಳದ ಕೆಳಗೆ ಚೀಸ್ ಗುಳ್ಳೆ ಎದ್ದಾಗಲೆಲ್ಲ ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡುವರು, ಹಬೆಗೆ ಮುಚ್ಚಳ ಮಸುಕಾದರೆ ಚೂಟಿ ಅದರ ಮೇಲೆ ಊದುವಳು. ಮನೆಯೆಲ್ಲ ಘಮ್ಮೆನ್ನುತ್ತಿತ್ತು. ನನ್ನ ನಾಲ್ಕು ಪ್ಯಾಂಟಿನಲ್ಲಿ ಒಂದರ ಅಂಚೂ ಮುಗಿದಿರಲಿಲ್ಲ, ಅದರ ಚಿಂತೆಯೂ ಇರಲಿಲ್ಲ. ಅಣ್ಣನ ಪಿಜ್ಜಾ ನಾಲ್ಕನೆಯದು. ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿಯಾಗಿ, ನೋಡಲು ಥೂ ಎನ್ನುವ ಹಾಗಿತ್ತು. ‘ಪರವಾಗಿಲ್ಲ, ಮೊದಲ ಸಲಕ್ಕೆ,’ ಎಂದಳು ಲಾಯರಮ್ಮ.

ಐದೂವರೆಗೆ ಅತ್ತಿಗೆ ಬಂದರು. ಚಪ್ಪಲಿ ಬಿಡುವಾಗಲೇ ಅವರ ಕಣ್ಣು ಬಾಗಿಲ ಪಕ್ಕದ ಕುರ್ಚಿಗೆ ಹೋಯಿತು. ಬ್ಯಾಗಿಲ್ಲ. ಮುಖ ಬಿಳುಪೇರಿತು. ಬ್ಯಾಗು ರೂಮಿನಲ್ಲಿದೆ ಎಂದು ನಾನು ಕಣ್ಣಲ್ಲೇ ಹೇಳಿದೆ. ಖಾಲಿ ಮಾಡಿದ್ದಾಳೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ. ಎಲ್ಲರೂ ನೆಲದ ಮೇಲೆ ಸುತ್ತ ಕೂತು ತಿಂದೆವು. ಅತ್ತಿಗೆ ಈರುಳ್ಳಿಯಿಲ್ಲದ್ದನ್ನು ತಿಂದು, ‘ಇಷ್ಟು ಮೆತ್ತಗೆ ಯಾರು ಮಾಡಿದ್ದು?’ ಎಂದರು. ಅಣ್ಣ ಲಾಯರಮ್ಮನ ಕಡೆ ಬೆರಳು ತೋರಿಸಿ, ಖಾಲಿ ಕಾವಲಿ ತೊಳೆಯಲು ಎದ್ದು ಹೋದ. ಅವನಿಗೆ ಕೂರಲಾಗುತ್ತಿರಲಿಲ್ಲ. ಫೋನ್ ಬರುವ ಹೊತ್ತಾಗಿತ್ತು.

ಬಂತು. ಅತ್ತಿಗೆ ತುತ್ತು ನಿಲ್ಲಿಸಿದರು. ಲಾಯರಮ್ಮ ಬಾಯಿ ತುಂಬ ಪಿಜ್ಜಾ ಇಟ್ಟುಕೊಂಡೇ ಫೋನ್ ಎತ್ತಿದಳು.

‘ಅಜ್ಜಿ, ನಾಳೆ ಬರ್ಬೇಡ. ಇಲ್ಲ, ಹುಷಾರಾಗಿದೀನಿ. ಯಾರೂ ಬೈದಿಲ್ಲ. ಅದೇನಂದ್ರೆ, ಇವರಿಗೆ ಏನೂ ಬರಲ್ಲ ಅಜ್ಜಿ. ಕಾಯಕ್ಕೆ ಬರಲ್ಲ, ಸುಮ್ನೆ ಕೂರಕ್ಕೆ ಬರಲ್ಲ, ಕೇಳಿ ಮುಟ್ಟಬೇಕು ಅಂತ ಗೊತ್ತಿಲ್ಲ. ಎಲ್ಲಾ ಮೊದಲಿಂದ ಹೇಳ್ಕೊಡ್ಬೇಕು.’ ಆ ಕಡೆಯಿಂದ ಅಜ್ಜಿ ಏನೋ ಕೇಳಿದರು. ಅವಳು ಸ್ವಲ್ಪ ಯೋಚಿಸಿದಳು. ‘ಎಷ್ಟು ದಿನ ಅಂತ ಹೆಂಗೆ ಹೇಳ್ಲಿ? ತುಂಬ ದಿನ ಹಿಡಿಯುತ್ತೆ.’

ಅತ್ತಿಗೆ ತಟ್ಟೆ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಅಡುಗೆಮನೆಗೆ ಓಡಿದೆ. ನಲ್ಲಿಯ ಸದ್ದಿಗೆ ಅಣ್ಣನಿಗೆ ಏನೂ ಕೇಳಿಸಿರಲಿಲ್ಲ. ಬೆನ್ನು ತಿರುಗಿಸಿ ನಿಂತೇ, ‘ಏನಂದ್ಲು?’ ಎಂದ.

‘ನಿನಗೆ ಏನೂ ಬರಲ್ವಂತೆ,’ ಎಂದೆ. ‘ಕಲಿಸಕ್ಕೆ ತುಂಬ ದಿನ ಬೇಕಂತೆ.’

ಅವನು ಅಷ್ಟು ಹೊತ್ತೂ ಉಜ್ಜುತ್ತಿದ್ದ ಕಾವಲಿಯನ್ನು ತೊಟ್ಟಿಯೊಳಗೆ ಬಿಟ್ಟ. ‘ಹೌದೌದು,’ ಎಂದ, ‘ತುಂಬಾನೇ ದಿನ ಬೇಕು.’ ನಲ್ಲಿ ಹರಿಯುತ್ತಲೇ ಇತ್ತು, ಕೊನೆಗೆ ನಾನೇ ಕೈ ಚಾಚಿ ನಿಲ್ಲಿಸಿದೆ.